ಮೊದಲಿನಿಂದ ಒಪ್ಪಿಸು

ಕೆಂಪು, ಡಿಸ್ಕು ಪೆಟ್ಟಿಗೆಯ ಮೇಲಿನ ಸಾಲಿನಲ್ಲಿ ಒಂದೇ ಒಂದು ಕೆಂಪು ದೀಪ, ಉಳಿದದ್ದೆಲ್ಲ ಹಸಿರು — ಮಿನುಗುವುದೂ ಇಲ್ಲ, ನೆಟ್ಟ ಕಣ್ಣಿನಲ್ಲಿ ನೋಡುತ್ತಿದೆ, ನಮ್ಮ ಬಾಗಿಲ ಮೇಲಿನ ಗುರುತೂ ಹೀಗೇ ನೋಡುತ್ತಿತ್ತು, ಬಣ್ಣದ ಡಬ್ಬದವರು ಇಬಿಯಾಮಾ ಹೊಳೆದಂಡೆಯ ಮನೆಮನೆಗೂ ಕೆಂಪು ಕತ್ತರಿ ಗುರುತು ಎಳೆದು ಹೋದ ದಿನ, ಯಾರು ಕಳಿಸಿದ್ರು ಅಂದರೆ ಮೇಲಿನವರು, ಮೇಲೆ ಅಂದ್ರೆ ಎಲ್ಲಪ್ಪಾ, ದೇವರ ಪಕ್ಕದಲ್ಲಾ ಎಂದು ಅಮ್ಮ ಕೇಳಿದ್ದಳು, ಸೀಮೆಎಣ್ಣೆಯಲ್ಲಿ ಹೆಬ್ಬೆರಳು ಅದ್ದಿ ಅದ್ದಿ ಉಜ್ಜಿದಳು, ಗುರುತು ಹೋಗಲಿಲ್ಲ, ಬಣ್ಣ ಅವಳ ಉಗುರಿನಡಿ ಸೇರಿಕೊಂಡಿತು, ಬುಲ್ಡೋಜರ್ ಬಂದಾಗಲೂ ಅಲ್ಲೇ ಇತ್ತು. ಗುರುತಿಸಿ ಕೀಳುವುದು, ನನ್ನ ಕೆಲಸವೂ ಅದೇ ತಾನೆ — ಆದರೆ ನಾನು ಕೀಳುವುದು ಸತ್ತ ಡಿಸ್ಕನ್ನು, ಅವರು ಕಿತ್ತದ್ದು ಒಲೆ ಉರಿಯುತ್ತಿದ್ದ ಮನೆಗಳನ್ನು. ಚಿಲಕ ಒತ್ತು, ಎಳೆ, ಬಂತು, ಅಂಗೈಯಲ್ಲಿ ಇನ್ನೂ ಬೆಚ್ಚಗಿದೆ. ಹೊರಗೆ ಪೋರ್ಟ್ ಹಾರ್ಕೋರ್ಟಿನ ಭಾನುವಾರದ ಬಿಸಿಲು, ಬೋಲೆ ಸುಡುವವಳ ಬಾಳೆಕಾಯಿ-ಮೀನಿನ ಹೊಗೆ, ಚರ್ಚಿನ ಡೋಲು, ಒಳಗೆ ಈ ತಣ್ಣನೆಯ ಕೋಣೆಯಲ್ಲಿ ಅಮ್ಮನ ಶಾಲು ಹೊದ್ದು ನಾನೊಬ್ಬಳೇ, ಫ್ಯಾನುಗಳ ಸದ್ದು ಬಿಟ್ಟರೆ ಮಾತಿಗೆ ಯಾರೂ ಇಲ್ಲ.

ಹೊಸದನ್ನು ತಳ್ಳಿದೆ, ಕಟಕ್. ಈಗ ಜೊತೆಯದರ ಸರದಿ, ಈ ಪೆಟ್ಟಿಗೆಯಲ್ಲಿ ಡಿಸ್ಕುಗಳು ಜೋಡಿ ಜೋಡಿ, ಒಂದರಲ್ಲಿದ್ದದ್ದೇ ಇನ್ನೊಂದರಲ್ಲಿ, ಒಂದು ಸತ್ತರೆ ಉಳಿದದ್ದು ತನ್ನೊಳಗಿನದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಹೊಸದಕ್ಕೆ ಒಪ್ಪಿಸಬೇಕು, ಶಾಲೆಯಲ್ಲಿ ಪಾಠ ಒಪ್ಪಿಸಿದ ಹಾಗೆ, ಒಂದಕ್ಷರ ಬಿಡದೆ — ಆದರೆ ಎರಡನ್ನೂ ಕೊಂಡದ್ದು ಒಂದೇ ದಿನ, ತಿರುಗಿದ್ದೂ ಒಟ್ಟಿಗೇ, ಇದಕ್ಕೂ ಅಷ್ಟೇ ವಯಸ್ಸು, ಹಸಿರು ದೀಪದ ಹಿಂದೆ ಟಕ್, ಟಕ್, ಒಳಗಿನ ಮುಳ್ಳು ಓದಲಾರದೆ ಹಿಂದೆ ಸರಿದು ಮತ್ತೆ ಬರುವ ಸದ್ದು. ಒಗಾ, ಜೊತೆಯದೂ ಸಾಯ್ತಾ ಇದೆ ಅಂದೆ ಫೋನಿನಲ್ಲಿ, ನಮ್ಮ ವಕೀಲ ದಿಯೆನ್ಯೆಗೆ, ಇಲ್ಲಿ ದೊಡ್ಡವರನ್ನೆಲ್ಲ ಒಗಾ ಎಂದೇ ಕರೆಯುವುದು. ಹಸಿರು ಉರೀತಿದೆ ಅಂತೀಯ, ಮತ್ತೇನಮ್ಮಾ ಗೋಳು ನಿಂದು? ಹಸಿರು ಉರಿಯೋದಕ್ಕೇನು ಒಗಾ, ನೀವೂ ಬಿಪಿ ಇಟ್ಕೊಂಡು ನಗ್ತಾ ಓಡಾಡಲ್ವಾ. ನಕ್ಕರು, ಆಮೇಲೆ ನಗಲಿಲ್ಲ. ಇಬಿಸೊ, ನಾಳೆ ಕೋರ್ಟಲ್ಲಿ ಅದರಲ್ಲಿರೋ ದಂಡೆಯವರ ಸಾಕ್ಷಿ ಕೇಳಿಸ್ಬೇಕು, ಅದು ಬಿಟ್ರೆ ನಮ್ಮ ಕೈಲಿ ಏನೂ ಇಲ್ಲ. ಇನ್ನೊಂದು ಪ್ರತಿ ಇಡೋಣ ಅಂತ ಬಾಯಿ ಬಡ್ಕೊಂಡೆನಲ್ಲ ಒಗಾ. ಬಡ್ಕೊಂಡೆ ನೀನು, ಹೌದು ತಾಯಿ, ಈಗ ಬಯ್ಯಬೇಡ, ಉಳಿಸು.

ಉಳಿಸು, ಯಾರನ್ನು, ಅಮ್ಮನ ಮಾತು ಇರುವುದು ಕಟ್ಟಕಡೆಗೆ, ಎಲ್ಲರ ನಂತರ, ಏಕೆಂದರೆ ಅವಳು ಎರಡು ಸಲ ಹೇಳಬೇಕಾಯಿತು — ಮೊದಲ ಸಲ ವಿಚಾರಣೆಯ ಗುಮಾಸ್ತ ಮೈಕು ಹಾಕಿರಲೇ ಇಲ್ಲ, ಮಮ್ಮಾ, ದಾಖಲಾಗಿಲ್ಲ, ಇನ್ನೊಂದ್ಸಲ ಮೊದಲಿನಿಂದ ಹೇಳ್ಬಿಡಿ, ಏನಪ್ಪಾ, ನಿನ್ನ ಪೆಟ್ಟಿಗೆಗೆ ಕಿವುಡಾ, ನನ್ನ ಗಂಡನೂ ಹೀಗೇ, ಪೂರ್ತಿ ಹೇಳಿದ ಮೇಲೆ ಏನಂದೆ ಅನ್ನೋನು, ಎಲ್ಲರೂ ನಕ್ಕರು, ಅವಳೂ, ಉಳಿದವರದೆಲ್ಲ ಮುಗಿದ ಮೇಲೆ ಮತ್ತೆ ಶುರು ಮಾಡಿದಳು, ಬಾಗಿಲು, ಬಣ್ಣ, ಮೀನು ಹೊಗೆಗಿಡುವ ಚಪ್ಪರ, ಗೋಡೆಯಡಿ ಸಿಕ್ಕಿಕೊಂಡ ನನ್ನ ತಂಗಿ ಬೋಮಾ, ಆ ಹೆಸರು ಬಂದಾಗ ನಿಂತಳು, ಹೆಬ್ಬೆರಳು ಮೇಜಿಗೆ ಟಕ್, ಟಕ್, ಉಗುರಿನಡಿ ಕೆಂಪು, ಸಾಕು ಬಿಡಿ ಎನ್ನಲು ನಾನು ಎದ್ದೆ, ಸುಮ್ನಿರೇ, ಹೇಳ್ತೀನಿ ಎಂದಳು, ಹೇಳಿದಳು. ಅಂದು ಮಲಗಿದವಳು ಏಳಲಿಲ್ಲ. ಹೃದಯ ಎಂದು ಬರೆದುಕೊಂಡರು ಆಸ್ಪತ್ರೆಯವರು, ಹೃದಯವಂತೆ, ಮಗಳು ಸತ್ತದ್ದನ್ನು ತಾಯಿಯ ಬಾಯಿಂದ ಎರಡೆರಡು ಸಲ ಒಪ್ಪಿಸಿಕೊಂಡವರು ಮಾತ್ರ ಊಟಕ್ಕೆ ಎದ್ದು ಹೋಗಿದ್ದರು.

ಒಂದು ಗುಂಡಿ ಒತ್ತಿದರೆ ಸಾಕು, ಮೊದಲಿನಿಂದ ಒಪ್ಪಿಸಲು ಶುರುಮಾಡಿರುವ ಇದನ್ನು ನಿಲ್ಲಿಸಿ ಅವಳದನ್ನು ಮಾತ್ರ ಮೊದಲು ಎತ್ತಿಕೊಳ್ಳಬಹುದು, ಯಾರಿಗೂ ಗೊತ್ತಾಗುವುದಿಲ್ಲ, ಆಮೇಲೆ ಈ ಚಳಿಯಲ್ಲಿ ಕೂತು ಕೇಳುತ್ತಲೇ ಇರಬಹುದು — ಆದರೆ ಮುಳ್ಳನ್ನು ಕೊನೆಗೆ ಓಡಿಸಿ ಮತ್ತೆ ಮೊದಲಿಗೆ ಎಳೆದು ತಂದರೆ ಈ ಮುದಿ ಡಿಸ್ಕು ತಡೆದೀತೇ, ಇನ್ನೊಂದ್ಸಲ ಮೊದಲಿನಿಂದ ಎನ್ನಲೇ ಇದಕ್ಕೂ, ಆ ಗುಮಾಸ್ತನ ಬಾಯಿ ನನಗೂ ಬಂತೇ, ದೋಣಿಯ ಸೋಕಾರಿ ಮಾಮ, ಹೊಳೆಚಿಪ್ಪು ಮಾರುವ ಓವನಾತೆ ಅಕ್ಕ, ದಂಡೆಗೆ ದಂಡೆಯೇ ಅವಳಿಗಿಂತ ಮುಂದೆ ಸಾಲು ನಿಂತಿದೆ, ನಲ್ಲಿಯ ಹತ್ತಿರ ಸಾಲು ಮುರಿದು ನುಗ್ಗಿದವರನ್ನು ಅಮ್ಮ ಬಿಡುತ್ತಿದ್ದಳೇ, ಏನೇ, ನಿಮ್ಮಪ್ಪ ಹಾಕಿಸಿದ ನಲ್ಲಿನಾ ಎನ್ನುತ್ತಿದ್ದಳು. ಗುಂಡಿಯ ಮೇಲಿಂದ ಬೆರಳು ತೆಗೆದೆ. ಒಪ್ಪಿಸು ಮುದುಕಿ, ನಿನ್ನ ಪಾಡಿಗೆ ಒಪ್ಪಿಸು, ಇಲ್ಲೇ ಇದ್ದೀನಿ. ಪರದೆಯ ಮೇಲಿನ ಅಂಕಿ ಅರ್ಧ ದಾಟಿತು, ಮಾಮ ಬಂದ, ಅಕ್ಕ ಬಂದಳು, ಟಕ್, ಮುಕ್ಕಾಲು, ಹೊರಗೆ ಡೋಲು ನಿಂತಿದೆ, ಟಕ್, ಟಕ್, ಇನ್ನು ಅವಳೊಬ್ಬಳೇ, ಬಾಗಿಲು ಬಂದಿರಬೇಕು, ಬಣ್ಣ ಬಂದಿರಬೇಕು, ಚಪ್ಪರ, ಬೋಮಾ — ನಿಂತಿತು, ಅಂಕಿ ಏರುತ್ತಿಲ್ಲ, ದೀಪ ಆರುತ್ತಲೂ ಇಲ್ಲ, ಕೆಂಪಾಗುತ್ತಲೂ ಇಲ್ಲ, ಶಾಲು ಬಿಗಿ ಹಿಡಿದಿದ್ದೇನೆ, ಸುಮ್ನಿರೇ, ಹೇಳ್ತೀನಿ, ಮೇಜಿನ ಮೇಲೆ ಎತ್ತಿದ ಹೆಬ್ಬೆರಳು, ಉಗುರಿನಡಿ ಕೆಂಪು, ಇನ್ನೂ ಇಳಿದಿಲ್ಲ, ಎತ್ತಿದ ಹೆಬ್ಬೆರಳು —