ಮೂಗಿನೊಳಗಿನ ದಾರ

ಊಟದ ಹೊತ್ತಿನಲ್ಲಿ ಭಾವ ಒರೆಸುವ ಬಟ್ಟೆಯಿಂದ ಒಂದು ದಾರ ಎಳೆದು, ಎಡ ಹೊಳ್ಳೆಗೆ ತೂರಿಸಿ, ಬಲಗಡೆಯಿಂದ ಹೊರಗೆ ತೆಗೆಯುತ್ತಿದ್ದ. "ಎತ್ತಿಗಾದ್ರೆ ಮೂಗು ಚುಚ್ಚಬೇಕು. ನಮ್ಮ ಧಣಿಗೆ ಆ ಖರ್ಚೂ ಉಳೀತು" ಎನ್ನುತ್ತಿದ್ದ. ಇಡೀ ಕಾರ್ಖಾನೆ ಬಿದ್ದು ಬಿದ್ದು ನಗುತ್ತಿತ್ತು. ನಗದವನು ಅವನ ಹೆಂಡತಿಯ ತಮ್ಮ ಒಬ್ಬನೇ. ಕೋಪ ಮೂಗಿನ ತುದಿಯಲ್ಲೇ ಇರುತ್ತಿದ್ದುದರಿಂದ ಅವನಿಗೆ ಸಿಡುಕ ಎಂದೇ ಹೆಸರು ಬಿದ್ದಿತ್ತು.

ಸಿಡುಕ ಸತು ಲೇಪಿಸಿದ ಬೋಲ್ಟುಗಳನ್ನು ತಂತಿಗೆ ಸಿಕ್ಕಿಸಿ ಕೊಡುತ್ತಿದ್ದ, ಭಾವ ಹಳದಿ ತೊಟ್ಟಿಯಲ್ಲಿ ಅದ್ದುತ್ತಿದ್ದ. ಕ್ರೋಮಿಯಂ ದ್ರಾವಣದಲ್ಲಿ ಒಮ್ಮೆ ಮುಳುಗೆದ್ದರೆ ಸಾಕು, ಚಿನ್ನದ ಬಣ್ಣದ ಪೊರೆ ಕಟ್ಟುತ್ತದೆ; ಆಮೇಲೆ ತುಕ್ಕು ಬೇಗ ಹತ್ತಿರ ಸುಳಿಯುವುದಿಲ್ಲ. ಆದರೆ ಹಸಿ ಪೊರೆ ಬಲು ನಾಜೂಕು. ಒಣಗುವ ಮುಂಚೆ ಬೆರಳು ತಾಗಿದರೆ ಅಲ್ಲಿ ಅಳಿಸಿಹೋಗುತ್ತದೆ, ತುಕ್ಕು ಅಲ್ಲಿಂದಲೇ ಶುರು. ಅದಕ್ಕೇ ಬೋಲ್ಟನ್ನು ಯಾರೂ ಮುಟ್ಟದಂತೆ ಮಾರನೆಯ ದಿನದವರೆಗೆ ನೇತುಹಾಕಿ ಕಾಯುತ್ತಿದ್ದರು. ಭಾವನ ಮೂಗನ್ನು ಕಾಯುವವರು ಮಾತ್ರ ಯಾರೂ ಇರಲಿಲ್ಲ. ತೊಟ್ಟಿಯ ತುಂತುರು ಅದರ ನಡುಗೋಡೆಯನ್ನು ತಿಂದುಹಾಕಿತ್ತು.

ಹೇಗಾದರೂ ಮಾಡಿ ಅವರನ್ನು ಆ ತೊಟ್ಟಿಯಿಂದ ಬಿಡಿಸೋ ಎಂದು ಅಕ್ಕ ದಿನಾ ಗೋಗರೆಯುತ್ತಿದ್ದಳು. ಅಷ್ಟರಲ್ಲಿ ಕೆಲಸಗಾರರನ್ನು ಪರೀಕ್ಷಿಸಲು ಡಾಕ್ಟರು ಬರುವ ಸುದ್ದಿ ಬಂತು. ಮೂಗು ಕೆಟ್ಟವರನ್ನು ಪ್ಯಾಕಿಂಗಿಗೆ ಹಾಕುತ್ತೇವೆ ಎಂದು ಮ್ಯಾನೇಜರು ಎಲ್ಲರೆದುರು ಹೇಳಿದ. ಸಿಡುಕ ನಂಬಿದ. ಭಾವ ನಂಬಲಿಲ್ಲ.

"ಪ್ಯಾಕಿಂಗೂ ಇಲ್ಲ ಗೀಕಿಂಗೂ ಇಲ್ಲ, ಮನೆಗೇ ಕಳಿಸ್ತಾರೆ. ನೀನು ಬಾಯಿಗೆ ಬೀಗ ಹಾಕ್ಕೊಂಡಿರು" ಎಂದ.

ಡಾಕ್ಟರು ಬರುವ ದಿನ ಬೆಳಿಗ್ಗೆ ಭಾವ ಮೇಣವನ್ನು ಮೆತ್ತಗೆ ಮಾಡಿ ಮೂಗಿನ ನಡುಗೋಡೆಯ ತೂತಿಗೆ ಮೆತ್ತಿಕೊಂಡು ಬಂದ. ಡಾಕ್ಟರು ಟಾರ್ಚ್ ಬಿಟ್ಟರು, ಸರಿಯಾಗಿದೆ ಎಂದರು, ಮುಂದಿನವನನ್ನು ಕರೆದರು. ಹಿಂದೆ ನಿಂತಿದ್ದ ಸಿಡುಕನಿಗೆ ಅಕ್ಕನ ಮುಖ ಕಣ್ಣ ಮುಂದೆ ಬಂತು.

"ಡಾಕ್ಟ್ರೇ, ಅವ್ರ ಕೈಗೊಂದು ದಾರ ಕೊಟ್ಟು ನೋಡಿ."

ಯಾರೂ ನಗಲಿಲ್ಲ. ಡಾಕ್ಟರು ಮತ್ತೆ ಟಾರ್ಚ್ ಬಿಟ್ಟು, ಕಡ್ಡಿಯಿಂದ ಮೇಣ ಕಿತ್ತರು. ಭಾವ ತಿರುಗಿ ಬಾಮೈದನನ್ನು ನೋಡಿದ.

ಸಂಜೆಯೊಳಗೆ ಭಾವನನ್ನು ಕೆಲಸದಿಂದ ಬಿಡಿಸಿದರು. ಸಿಡುಕ ಮ್ಯಾನೇಜರ ಬಾಗಿಲನ್ನು ಒದ್ದುಕೊಂಡೇ ಒಳಗೆ ಹೋಗಿ, ಎಲ್ಲರೆದುರು ಹೇಳಿದ ಮಾತು ಎಲ್ಲಿ ಹೋಯಿತು ಎಂದು ಕೇಳಿದ. ಮ್ಯಾನೇಜರು ತಲೆ ಎತ್ತದೆ, ಪ್ಯಾಕಿಂಗಿನಲ್ಲಿ ಜಾಗವಿಲ್ಲ ಎಂದ.

"ತೊಟ್ಟಿ ಹತ್ರ ಒಂದು ಖಾಲಿ ಆಗಿದೆ. ನೀನು ನಿಂತ್ಕೋತೀಯೋ, ಹೊರಗಿಂದ ಯಾರನ್ನಾದ್ರೂ ಕರೀಲೋ?"

ಸಿಡುಕನ ಮುಷ್ಟಿ ಬಿಗಿಯಿತು. ಮನೆಯಲ್ಲಿ ಇನ್ನು ದುಡಿಯುವವನು ತಾನೊಬ್ಬನೇ ಎಂಬುದು ಆಗ ನೆನಪಾಯಿತು. ಮುಷ್ಟಿ ತಾನಾಗಿಯೇ ಬಿಚ್ಚಿಕೊಂಡಿತು.

ಮಾರನೆಯ ದಿನ ತೊಟ್ಟಿಯ ಮುಂದೆ ನಿಂತು ಮನೆಗೆ ಬಂದಾಗ ಮೂಗಿನೊಳಗೆ ಮೆಣಸಿನಕಾಯಿ ಇಟ್ಟಂತೆ ಉರಿಯುತ್ತಿತ್ತು. ಭಾವ ಹೊಸ್ತಿಲ ಮೇಲೆ ಕೂತಿದ್ದ.

"ಹಸಿ ಮಾಲಿಗೆ ಕೈ ತಾಗಿಸಿಲ್ಲ ತಾನೆ?"

"ಇಲ್ಲ ಭಾವ."

ಭಾವ ಜೇಬಿನಿಂದ ವ್ಯಾಸಲೀನ್ ಡಬ್ಬಿ ತೆಗೆದುಕೊಟ್ಟ. ಅರ್ಧ ಖಾಲಿಯಾಗಿತ್ತು, ನಡುವೆ ಅವನ ಬೆರಳು ಕೊರೆದ ಗುಳಿ.

"ಹೋಗೋಕ್ ಮುಂಚೆ ಮೂಗಿನೊಳಗೆ ಹಚ್ಕೊ. ನಾನೂ ಹಚ್ಕೋತಿದ್ದೆ."

ಒಳಗಿನಿಂದ ನೀರು ತಂದ ಅಕ್ಕ ಆ ಡಬ್ಬಿಯನ್ನು ನೋಡಿದಳು. ಲೋಟವನ್ನು ಹೊಸ್ತಿಲ ಮೇಲಿಟ್ಟು ಒಳಗೆ ಹೋದಳು. ಸಿಡುಕ ಆ ಗುಳಿಗೆ ಬೆರಳಿಟ್ಟ.