ಅವ್ವ ಬಂದಾಳ

"ಅವ್ವಾ, ನೀರು!"

ಒಳಕೋಣೆಯಿಂದ ನಾಲ್ಕು ವರ್ಷದ ಮಗಳು ಶಿವಾನಿ ಕೂಗಿದ್ದೇ ತಡ, ಉಮಾಶ್ರೀ ದಡಬಡಿಸಿ ಎದ್ದಳು. ಏಳು ತಿಂಗಳ ಹೊಟ್ಟೆ ಹೊತ್ತು, ಬೇವಿನ ತೊಪ್ಪಲು ಕಟ್ಟಿದ ಬಾಗಿಲವರೆಗೆ ಬಂದವಳು ಅಲ್ಲೇ ನಿಂತಳು. ಒಳಗೆ ಹಿರಿಯ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ ನಾಗರತ್ನಾ, ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸುತ್ತಿದ್ದಳು. ಅವಳನ್ನು ದೊಡ್ಡವ್ವ ಎನ್ನುತ್ತಿದ್ದ ಹುಡುಗಿ ನಾಲ್ಕೇ ದಿನದಲ್ಲಿ 'ದೊಡ್ಡ'ವನ್ನು ನುಂಗಿ ಹಾಕಿದ್ದಳು.

"ನಾ ಅದೇನಿ. ನೀ ಹೋಗಿ ಅಡ್ಡಾಗು," ಎಂದಳು ನಾಗರತ್ನಾ. ಉಮಾಶ್ರೀಗೆ ಮೈಯೆಲ್ಲ ಉರಿಯಿತು.

ಮಗುವಿನ ಮೈಮೇಲೆ ಗುಳ್ಳೆ ಎದ್ದ ದಿನವೇ ಅತ್ತೆ ಇಂದ್ರವ್ವ ಮನೆಮಂದಿಗೆಲ್ಲ ತಾಕೀತು ಮಾಡಿದ್ದಳು: "ಬ್ಯಾನಿ ಹೆಸರ ತಗೀಬ್ಯಾಡ್ರಿ. ದೇವಿ ಆಕಿ, ಅವ್ವ ಬಂದಾಳ ಅನ್ರಿ."

ಬೈಲಹೊಂಗಲದ ರಂಜನಾ ಡಾಕ್ಟರು ಮಾತ್ರ ಚಿಕನ್‌ಪಾಕ್ಸ್ ಎಂದೇ ಹೇಳಿದರು. ಉಮಾಶ್ರೀಯ ರಕ್ತದ ರಿಪೋರ್ಟು ನೋಡಿ, "ನಿಮ್ಮ ನೆಗೆಣ್ಣಿಗೆ ಸಣ್ಣಾಕಿ ಇದ್ದಾಗ ಬಂದು ಹೋಗ್ಯದ. ಆಕಿ ರಕ್ತ ಆ ವೈರಿ ಮುಖದ ಗುರ್ತು ಇಟ್ಟದ, ಮತ್ತ ಬಂದ್ರ ಬಾಗಲದಾಗನ ತಡೀತದ. ನಿಮ್ಮ ರಕ್ತಕ್ಕ ಗುರ್ತಿಲ್ಲ. ಹೊಟ್ಯಾಗಿನ ಕೂಸಿನ ಸಲುವಾಗಿ ದೂರ ಇರ್ರಿ. ಗುಳ್ಳಿ ಎಲ್ಲಾ ಒಣಗೂತನಾ ಮಗಳನ್ನ ಮುಟ್ಟಬ್ಯಾಡ್ರಿ," ಎಂದರು.

ಆ ಹಳೇ ಬೇನೆಯ ಕುಳಿಯೊಂದು ನಾಗರತ್ನಾಳ ಹಣೆಯ ಮೇಲಿತ್ತು. ಮದುವೆಯಾಗಿ ಸಂಗೊಳ್ಳಿಗೆ ಬಂದ ಹೊಸದರಲ್ಲಿ ಉಮಾಶ್ರೀ ಅದನ್ನು ನೋಡಿ ಮುಸಿಮುಸಿ ನಕ್ಕಿದ್ದುಂಟು. ಈಗ ಅದೇ ಕುಳಿಯ ಮೇಲೆ ಹೊಟ್ಟೆಕಿಚ್ಚು! ಮಕ್ಕಳಿಲ್ಲದ ಆಕೆಯ ರಕ್ತದಲ್ಲಿ ದೇವರು ಇಂಥದ್ದೊಂದನ್ನು ಇಟ್ಟು, ತನ್ನ ಮಗಳನ್ನೇ ಎತ್ತಿ ಕೊಟ್ಟುಬಿಟ್ಟನಲ್ಲ! ಥೂ, ಎಂಥ ಯೋಚನೆ ಎಂದು ತನ್ನನ್ನೇ ಬೈದುಕೊಂಡಳು. ಆದರೂ ಒಳಗೆ ಮಗು ನಕ್ಕಾಗಲೆಲ್ಲ ಕಿವಿ ಅತ್ತಲೇ ಹೋಗುತ್ತಿತ್ತು.

ಒಂಬತ್ತನೆಯ ದಿನ ಗುಳ್ಳೆಗಳೆಲ್ಲ ಒಣಗಿ ಹಕ್ಕಳೆಗಟ್ಟಿದವು. ಫೋಟೋ ನೋಡಿದ ಡಾಕ್ಟರು ಇನ್ನು ಮುಟ್ಟಬಹುದು ಎಂದು ಫೋನಿನಲ್ಲಿ ಹೇಳಿದರು. ಇಂದ್ರವ್ವ ಮೊಮ್ಮಗಳಿಗೆ ಬೇವಿನ ನೀರು ಹಾಕಿಸಿ, ಮೊಸರನ್ನದ ಗಂಗಾಳವನ್ನು ನಾಗರತ್ನಾಳ ಕೈಗೆ ಕೊಟ್ಟಳು.

"ನಡೀರಿ, ಊರ ಹೊರಗ ಅವ್ವನ್ನ ಕಳಿಸಿ ಬರೂಣು. ಒಮ್ಮಿ ಹೋದ್ಲಂದ್ರ ಆಕಿ ತಿರುಗಿ ಬರಂಗಿಲ್ಲ."

ಶಿವಾನಿ ಬೆಚ್ಚಿದಳು. "ಅವ್ವನ್ನ ಕಳಿಸಬ್ಯಾಡ್ರೀ!" ಎಂದು ಚೀರುತ್ತ, ನಾಗರತ್ನಾಳ ಕೈ ಕೊಸರಿಕೊಂಡು ಓಡಿಬಂದು, ಕಟ್ಟೆಯ ಮೇಲೆ ಕೂತಿದ್ದ ಉಮಾಶ್ರೀಯ ಸೀರೆ ಹಿಡಿದಳು. "ನೀ ಹೋಗಬ್ಯಾಡ. ನಾ ನಿನ್ನ ಬಿಡಂಗಿಲ್ಲ."

ಇಂದ್ರವ್ವ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಉಮಾಶ್ರೀ ಮಗಳನ್ನು ಬಾಚಿ ತಬ್ಬಿಕೊಂಡಳು. ಗೆದ್ದೆ ಎನಿಸಿತು. ಆ ಗೆಲುವಿನಲ್ಲೇ ತಲೆಯೆತ್ತಿ ನೋಡಿದಳು.

ನಾಗರತ್ನಾ ಗಂಗಾಳ ಹಿಡಿದು ಅಂಗಳದಲ್ಲಿ ನಿಂತಿದ್ದಳು. ಕಣ್ಣು ಮಗುವಿನ ಬೆನ್ನ ಮೇಲಿತ್ತು. ಆ ನೋಟದ ಗುರುತು ಉಮಾಶ್ರೀಗೆ ಕೂಡಲೇ ಹತ್ತಿತು. ಒಂಬತ್ತು ದಿನ ಅದು ತನ್ನ ಕಣ್ಣಲ್ಲೇ ಇತ್ತು.

"ಅಕ್ಕಾ, ಗಂಗಾಳ ಇತ್ತ ಕೊಡ್ರಿ," ಎಂದಳು. "ಈ ಹೊಟ್ಟಿ ಇಟ್ಕೊಂಡು ನನಗ ಇಕಿನ್ನ ಎತ್ತಾಕ ಆಗಂಗಿಲ್ಲ. ನೀವು ಎತ್ಕೋರಿ, ನಾನೂ ಜೋಡಿ ಬರತೇನಿ."

ನಾಗರತ್ನಾ ಗಂಗಾಳ ಕೊಟ್ಟು, ಮಗುವಿಗೆ ಕೈ ಚಾಚುವ ಮೊದಲು, ಸೆರಗಿನಿಂದ ಕಣ್ಣನ್ನೂ ಹಣೆಯ ಕುಳಿಯನ್ನೂ ಒರೆಸಿಕೊಂಡಳು.