ಕಲ್ಲು ಮಗುಚುವ ಹಕ್ಕಿಯ ಉಂಗುರ

ಊರಿನವರ ಕಣ್ಣು ಪರೀಕ್ಷೆ ಮಾಡುವುದು ಅವಳ ಕೆಲಸ; ಅವಳ ಕಣ್ಣನ್ನು ಮಾತ್ರ ಯಾರೂ ನಂಬುತ್ತಿರಲಿಲ್ಲ.

ಕನ್ನಡಕದ ಅಂಗಡಿಯ ಒಳಕೋಣೆಯ ಗೋಡೆಯಲ್ಲಿ ಒಂದು ದೀಪದ ಪೆಟ್ಟಿಗೆ, ಅದರ ಮೇಲೆ ಸಾಲಿನಿಂದ ಸಾಲಿಗೆ ಸಣ್ಣದಾಗುತ್ತ ಹೋಗುವ ಅಂಕಿಗಳು. ಬಂದವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಏರಿಸಿ, "ಇದು ಚೆನ್ನಾಗಿದೆಯೋ, ಇದೋ?" ಎಂದು ಗಾಜು ಬದಲಿಸುತ್ತ ದಿನಕ್ಕೆ ನೂರು ಸಲ ಕೇಳುವಳು. ಭಾನುವಾರ ಬಂತೆಂದರೆ ನದಿ ಕಡಲು ಸೇರುವ ಅಳಿವೆಯ ದಡದಲ್ಲಿ, ಹಕ್ಕಿ ನೋಡುವ ಬಳಗದವರ ಜೊತೆ ಹಾಜರ್. ಅಲ್ಲಿ ಅವಳ ಹೆಸರು ಕತೆಪೆಟ್ಟಿಗೆ.

ತಪ್ಪು ಅವಳದೇ ಅನ್ನಿ. ಹಕ್ಕಿಯೊಂದು ಒಂಟಿಕಾಲಲ್ಲಿ ನಿಂತಿತ್ತು ಎಂದು ಹೇಳಿ ಸುಮ್ಮನಾಗುವ ಜಾಯಮಾನ ಅವಳದಲ್ಲ. "ಇನ್ನೊಂದು ಕಾಲನ್ನ ನಾಳೆಗೆ ಅಂತ ಎತ್ತಿಟ್ಕೊಂಡಿದೆ, ನಮ್ಮಜ್ಜಿ ಹೇಳಿದ್ದು" ಎಂದು ಬಾಲ ಸೇರಿಸುವಳು. ಇಂಥವಳು ಏನು ಕಂಡೆ ಎಂದರೂ ಜನ ಮೊದಲು ನಗುತ್ತಾರೆ, ಆಮೇಲೆ ಕೇಳುತ್ತಾರೆ.

ಅಜ್ಜಿಯ ಕತೆಗಳಲ್ಲಿ ಅವಳಿಗೆ ಎಲ್ಲಕ್ಕಿಂತ ಅಚ್ಚುಮೆಚ್ಚಿನದು ಹೀಗಿತ್ತು. ಒಂದು ಹಕ್ಕಿ ದಡದಲ್ಲಿ ಮೀಯುವಾಗ ಉಂಗುರ ಕಳೆದುಕೊಂಡಿತಂತೆ. ಕಡಲನ್ನು ಕೇಳಿದರೆ, "ನನಗೇನು ಗೊತ್ತು, ಕಲ್ಲನ್ನು ಕೇಳು" ಎಂದಿತಂತೆ ಕಡಲು. ಕಲ್ಲನ್ನು ಕೇಳಿದರೆ, ಕಲ್ಲು ಬಾಯಿ ಬಿಡಲಿಲ್ಲ. ಅಂದಿನಿಂದ ಆ ಹಕ್ಕಿ ದಡದ ಕಲ್ಲುಗಳನ್ನೆಲ್ಲ ಒಂದೊಂದಾಗಿ ಕೊಕ್ಕಿನಿಂದ ಮಗುಚಿ ಹುಡುಕುತ್ತಲೇ ಇದೆ. ಬಳಗ ಸೇರಿದ ಮೇಲೆ ಅವಳಿಗೆ ಆ ಹಕ್ಕಿ ಪುಸ್ತಕದಲ್ಲೇ ಸಿಕ್ಕಿತು: ಕಲ್ಲು ಮಗುಚುವ ಹಕ್ಕಿ. ಕಲ್ಲಡಿಯ ಹುಳ ಹುಪ್ಪಟೆಗಾಗಿ ಮಗುಚುತ್ತದೆ ಎಂದು ಬರೆದಿತ್ತು. ಉಂಗುರದ ಸುದ್ದಿ ಇರಲಿಲ್ಲ.

ಬೇಸಿಗೆ ಆಗಷ್ಟೇ ಶುರುವಾಗಿತ್ತು. ಚಳಿಗೆ ಬಂದು ತಂಗಿದ್ದ ಹಕ್ಕಿಗಳು ಬಡಗಣದ ತಮ್ಮ ಊರಿಗೆ ಹೊರಡುವ ಕಾಲ. ಬೂದುಬಣ್ಣದಲ್ಲಿ ಬಂದಿದ್ದ ಕಲ್ಲು ಮಗುಚುವ ಹಕ್ಕಿಗಳು ಪ್ರಯಾಣಕ್ಕೆ ಹೊಸ ಬಟ್ಟೆ ತೊಟ್ಟಂತೆ ಕೆಂಪು ಬೆನ್ನು, ಕಪ್ಪು ಬಿಳಿ ಮುಖ ಮಾಡಿಕೊಂಡು ಬಂಡೆಯ ಮೇಲೆ ಸಡಗರದಲ್ಲಿದ್ದವು. ದುರ್ಬೀನಿನಲ್ಲಿ ಅವನ್ನು ನೋಡುತ್ತಿದ್ದವಳು ಗಕ್ಕನೆ ಒಂದೆಡೆ ಕಣ್ಣು ನೆಟ್ಟಳು. ಕಲ್ಲು ಮಗುಚುತ್ತಿದ್ದ ಒಂದು ಹಕ್ಕಿಯ ಬಲಗಾಲಲ್ಲಿ ಹಳದಿ ಉಂಗುರ. ಅದರ ಮೇಲೆ ಕಪ್ಪು ಅಂಕಿ: ಏಳು, ಮೂರು, ಒಂದು.

ಆಗ ಅವಳು "ಉಂಗುರ ಹಾಕಿದ ಹಕ್ಕಿ" ಎಂದಿದ್ದರೆ ಮುಗಿಯುತ್ತಿತ್ತು. "ಸಿಕ್ತು! ಹಕ್ಕಿಗೆ ಉಂಗುರ ಸಿಕ್ತು!" ಎಂದು ಕೂಗಿಬಿಟ್ಟಳು. ಬಳಗದವರು ಹೊಟ್ಟೆ ಹಿಡಿದು ನಕ್ಕು, ಕಣ್ಣೊರೆಸಿಕೊಂಡು, ದುರ್ಬೀನಿಗೆ ಕಣ್ಣಿಡುವಷ್ಟರಲ್ಲಿ ಹಕ್ಕಿ ಪುರ್ರೆಂದಿತ್ತು.

ಬಳಗದ ದಾಖಲೆ ಪುಸ್ತಕ ಮೇಷ್ಟ್ರ ಕೈಯಲ್ಲಿ. ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ಖಚಿತವಾದದ್ದನ್ನು ಶಾಯಿಯಲ್ಲಿ, ಅನುಮಾನದ್ದನ್ನು ಪೆನ್ಸಿಲ್ಲಿನಲ್ಲಿ ಬರೆಯುವರು. ಋತುವಿನ ಕೊನೆಯ ಎಣಿಕೆಯ ದಿನ ಪೆನ್ಸಿಲ್ಲಿನ ಸಾಲುಗಳನ್ನು ರಬ್ಬರಿನಿಂದ ಅಳಿಸುವರು. ಅವಳ ಸಾಲನ್ನು ಪೆನ್ಸಿಲ್ಲಿನಲ್ಲಿ ಬರೆದು, ಹಕ್ಕಿಗಳಿಗೆ ಉಂಗುರ ತೊಡಿಸುವ ದೂರದ ಕಚೇರಿಗೆ ಪತ್ರ ಹಾಕಿದರು. ವಾರದೊಳಗೆ ಉತ್ತರ ಬಂತು: ಏಳು ಮೂರು ಒಂದು ಅಂಕಿಯ ಉಂಗುರವನ್ನು ಯಾವ ಹಕ್ಕಿಗೂ ತೊಡಿಸಿಲ್ಲ.

"ಮೂರೇ ಸರ್, ನನ್ನ ಕಣ್ಣಾರೆ ನೋಡಿದೀನಿ" ಎಂದಳು.

"ಕಾಗಕ್ಕ ಗುಬ್ಬಕ್ಕನ ಕತೆನೆಲ್ಲ ಪುಸ್ತಕಕ್ಕೆ ಏರಿಸೋಕಾಗಲ್ಲಮ್ಮ. ನೀನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂದ್ರೆ ಹೇಗೆ?"

ಬಳಗವೆಲ್ಲ ಮತ್ತೆ ನಕ್ಕಿತು. ಬರುವ ಭಾನುವಾರವೇ ಕೊನೆಯ ಎಣಿಕೆ. ಅಂದು ಆ ಸಾಲು ಅಳಿಸಿಹೋದರೆ ಅವಳು ಸಾಯುವವರೆಗೂ ಕತೆಪೆಟ್ಟಿಗೆಯೇ. ಇನ್ನು ಏನು ಕಂಡರೂ ಕತೆಯೇ.

ಮನೆಗೆ ಬಂದು ಅಜ್ಜಿಯ ಪಕ್ಕ ಮುಖ ಊದಿಸಿಕೊಂಡು ಕೂತಳು. ಅಜ್ಜಿ ಎಲ್ಲ ಕೇಳಿ, "ಅಯ್ಯೋ ಕೂಸೇ, ಆ ಕತೆ ಹೇಳಿದ ನಾನೇ ನಂಬಿಲ್ಲ, ನೀನ್ಯಾಕೆ ನಂಬೋಕೆ ಹೋದೆ?" ಎಂದಳು.

"ಕತೆ ಅಲ್ಲ ಅಜ್ಜಿ, ನಾನು ನಂಬಿದ್ದು ಕಣ್ಣನ್ನ."

"ಹಾಗಾದ್ರೆ ಇನ್ನೊಂದು ಸಲ ನೋಡು. ಕಲ್ಲನ್ನ ಒಂದೇ ಮಗ್ಗುಲಿಂದ ನೋಡಿದ್ರೆ ಏನು ಗೊತ್ತಾಗತ್ತೆ? ಆ ಹಕ್ಕಿಗಿರೋ ಬುದ್ಧಿ ನಿನಗಿಲ್ವಲ್ಲೇ!"

ಶುಕ್ರವಾರ ಅಂಗಡಿಯ ಗಾಜಿನ ಬಾಗಿಲು ತಳ್ಳಿಕೊಂಡು ಬಂದವರು ಮತ್ತಾರೂ ಅಲ್ಲ, ಮೇಷ್ಟ್ರು. ಹಳೇ ಕನ್ನಡಕದಲ್ಲಿ ಪೇಪರು ಮಂಜಾಗುತ್ತಿದೆಯಂತೆ. ಎತ್ತರದ ಕುರ್ಚಿಯಲ್ಲಿ ಕೂತ ಅವರ ಕಾಲು ನೆಲಕ್ಕೆ ತಾಗದೆ ತೂಗಾಡುತ್ತಿತ್ತು.

"ಎಡಗಣ್ಣು ಮುಚ್ಚಿ ಸರ್. ಕೆಳಗಿಂದ ಎರಡನೇ ಸಾಲು ಓದಿ."

"ಐದು, ಎರಡು, ಮೂರು, ಒಂಬತ್ತು."

"ಒಂಬತ್ತರ ಹಿಂದಿಂದು ಇನ್ನೊಂದ್ಸಲ ನೋಡಿ."

"ಮೂರು ಕಣಮ್ಮ. ಮೂರು ಯಾವುದು ಅಂತ ಲೆಕ್ಕದ ಮೇಷ್ಟ್ರಿಗೇ ಹೇಳಿಕೊಡ್ತೀಯಾ?"

'ನೀವು ಹಿಡಿದ ಮೊಲಕ್ಕೂ ಮೂರೇ ಕಾಲಾ ಸರ್' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಗಾಜು ಬದಲಿಸಿದಳು. ಮೇಷ್ಟ್ರು ಕಣ್ಣು ಕಿರಿದಾಗಿಸಿದರು, ಕತ್ತು ಮುಂದೆ ಚಾಚಿದರು. ಆಮೇಲೆ ಮೆಲ್ಲಗೆ, "ಎಂಟು" ಎಂದರು.

"ಎಲ್ಲರೂ ಹೀಗೇ ಸರ್. ಎಡಮಗ್ಗುಲು ಒಂಚೂರು ಮಾಸಿದ್ರೆ ಸಾಕು, ಎಂಟು ಮೂರಾಗ್..."

ಗಾಜು ಹಿಡಿದ ಕೈ ಗಾಳಿಯಲ್ಲೇ ಉಳಿಯಿತು. ಉಪ್ಪುನೀರಿನಲ್ಲಿ, ಚಿಪ್ಪು ಕಚ್ಚಿದ ಬಂಡೆಗಳಿಗೆ ಉಜ್ಜಿ ಉಜ್ಜಿ ವರ್ಷಗಟ್ಟಲೆ ಸವೆದ ಉಂಗುರ. ಅದರ ಮೇಲಿನ ಬಣ್ಣ.

"ಸರ್, ಅದು ಎಂಟು!"

"ಹೂಂ, ಅದೇ ತಾನೇ ನಾನೀಗ ಹೇಳಿದ್ದು?"

"ಇದಲ್ಲ ಸರ್, ಅಳಿವೆದು! ಏಳು ಎಂಟು ಒಂದು!"

ಮೇಷ್ಟ್ರು ಚೌಕಟ್ಟಿನೊಳಗಿಂದ ಅವಳನ್ನೇ ನೋಡಿದರು. "ಇರಬಹುದು. ಆದ್ರೆ ಊಹೆನ ಶಾಯೀಲಿ ಬರೆಯಲ್ಲ ನಾನು. ಭಾನುವಾರ ತೋರಿಸು, ಬರೀತೀನಿ. ತೋರಿಸದಿದ್ರೆ ರಬ್ಬರು ಜೇಬಲ್ಲೇ ಇರತ್ತೆ."

ಶನಿವಾರವೆಲ್ಲ ಕೂತು ಅವರ ಕನ್ನಡಕದ ಗಾಜನ್ನು ಅವಳೇ ಅಂಚು ಉಜ್ಜಿ, ಚೌಕಟ್ಟಿಗೆ ಕೂರಿಸಿ, ಹೂವಿನೆಸಳು ಒರೆಸಿದ ಹಾಗೆ ಒರೆಸಿಟ್ಟಳು.

ಭಾನುವಾರ ಮಧ್ಯಾಹ್ನ ಮೂರೂವರೆಗೆ ಉಬ್ಬರ ತುಂಬಿತು. ಮರಳುದಿಬ್ಬಗಳೆಲ್ಲ ಮುಳುಗಿ, ಅಳಿವೆಯ ನಟ್ಟನಡುವಿನ ಕರಿಬಂಡೆಯೊಂದೇ ಉಳಿಯಿತು. ಅದರ ಮೇಲೆ ಹನ್ನೊಂದು ಕಲ್ಲು ಮಗುಚುವ ಹಕ್ಕಿಗಳು ಒತ್ತೊತ್ತಾಗಿ, ಕಡಲಗಾಳಿಗೆ ಎದೆಯೊಡ್ಡಿ, ಎಲ್ಲವೂ ಒಂದೇ ಕಡೆ ಮುಖ ಮಾಡಿ ನಿಂತಿದ್ದವು. ಏಳನೆಯದರ ಕಾಲಲ್ಲಿ ಹಳದಿ.

ಅವಳು ಸರಿದು ದುರ್ಬೀನು ಬಿಟ್ಟುಕೊಟ್ಟಳು. ಮೇಷ್ಟ್ರು ಹೊಸ ಕನ್ನಡಕ ಸರಿಪಡಿಸಿಕೊಂಡು ಬಗ್ಗಿದರು.

"ಉಂಗುರ ಇದೆ, ಅದು ನಿಜ. ಏಳು... ಮೂರು... ಒಂದು." ಮೇಷ್ಟ್ರು ನಿಧಾನವಾಗಿ ನೆಟ್ಟಗಾದರು. "ಹೊಸ ಗಾಜಲ್ಲೂ ಮೂರೇ, ಮಗಳೇ. ಇಲ್ಲದ ಅಂಕಿನ ಹೇಗೆ ಬರೀಲಿ?" ಎನ್ನುತ್ತ ಜೇಬಿಗೆ ಕೈ ಹಾಕಿದರು. ರಬ್ಬರು ಹೊರಬಂತು.

ಅವಳು ಬಂಡೆಯನ್ನು ನೋಡಿದಳು. ಹನ್ನೊಂದು ಹಕ್ಕಿಗಳ ಬಲಗೆನ್ನೆ, ಬಲರೆಕ್ಕೆ. ಎಡಗೆನ್ನೆ ಒಂದೂ ಕಾಣದು. ಕಲ್ಲನ್ನು ಒಂದೇ ಮಗ್ಗುಲಿಂದ ನೋಡಿದರೆ!

"ಉಂಗುರ ಗುಂಡಗಿರತ್ತಲ್ಲ ಸರ್! ಅಂಕಿ ಎರಡು ಕಡೆ ಕೆತ್ತಿರ್ತಾರೆ. ಬಂಡೆಗೆ ಉಜ್ಜೋದು ಹೊರಮಗ್ಗುಲು. ಒಳಮಗ್ಗುಲು ಆಚೆ ದಡಕ್ಕೆ ಮಾತ್ರ ಕಾಣತ್ತೆ!" ಎಂದವಳೇ ಮುಕ್ಕಾಲಿ ಸಮೇತ ದುರ್ಬೀನನ್ನು ಹೆಗಲಿಗೇರಿಸಿ ದೋಣಿಕಟ್ಟೆಯ ಕಡೆ ಓಡಿದಳು. "ಅಣ್ಣಾ, ದೋಣಿ!"

"ಏನಕ್ಕಾ, ಮೊಲ ಹಿಡಿಯೋಕಾ?" ಎಂದ ದೋಣಿಯವನು. ಸುದ್ದಿ ಅಲ್ಲಿಗೂ ಮುಟ್ಟಿತ್ತು.

"ಹೂಂ, ಬೇಗ! ಅರ್ಧ ಗಂಟೇಲಿ ನೀರು ಇಳಿಯತ್ತೆ, ಆಮೇಲೆ ಅವು ಚದುರಿಹೋಗ್ತವೆ!"

ಆಶ್ಚರ್ಯವೆಂದರೆ, ಕಾಲು ನೆನೆದರೆ ನೆಗಡಿ ಎನ್ನುವ ಮೇಷ್ಟ್ರು ದಾಖಲೆ ಪುಸ್ತಕವನ್ನು ತಲೆಯ ಮೇಲೆ ಹೊತ್ತು ಅವಳ ಹಿಂದೆಯೇ ಬಂದು ದೋಣಿಯಲ್ಲಿ ಕುಕ್ಕರಿಸಿದರು. ಬಂಡೆಯಿಂದ ದೂರವೇ ಸುತ್ತು ಹಾಕಿ ಆಚೆ ದಡ ಸೇರಿ, ಮಂಜುಗಡ್ಡೆ ಕಾರ್ಖಾನೆಯ ಮೋಟುಗೋಡೆಯ ಹಿಂದೆ ದುರ್ಬೀನು ನಿಲ್ಲಿಸಿದರು. ಅವಳು ಕಣ್ಣಿಟ್ಟಳು. ಏಳನೆಯ ಹಕ್ಕಿ ರೆಕ್ಕೆಯಲ್ಲಿ ಕೊಕ್ಕು ಹುದುಗಿಸಿ ನಿದ್ದೆಹೋಗಿತ್ತು, ಒಂಟಿಕಾಲಲ್ಲಿ. ಉಂಗುರದ ಕಾಲು ಹೊಟ್ಟೆಯೊಳಗೆ.

ಮೇಷ್ಟ್ರು ನೋಡಿ ನಿಟ್ಟುಸಿರಿಟ್ಟರು. "ನಾಳೆಗೆ ಅಂತ ಎತ್ತಿಟ್ಕೊಂಡಿದೆ."

ಅವರ ಬಾಯಲ್ಲಿ ಅಜ್ಜಿಯ ಮಾತು! ಅವಳಿಗೆ ಅಳು ಬರುವಂತಿದ್ದರೂ ನಗು ಬಂತು. ಐದು ನಿಮಿಷ. ಹತ್ತು. ಗೋಡೆಯ ಬುಡದಲ್ಲಿ ಒದ್ದೆಯ ಗೆರೆ ನೀರಿಗಿಂತ ಮೇಲೆ ಉಳಿಯತೊಡಗಿತ್ತು, ಇಳಿತ ಶುರು. ಅಷ್ಟರಲ್ಲಿ ಎಲ್ಲಿಂದಲೋ ಒಂದು ಕೊನೆಯ ಪುಂಡ ಅಲೆ ಬಂದು ಬಂಡೆಗೆ ಅಪ್ಪಳಿಸಿತು. ಹಕ್ಕಿ ಬೆಚ್ಚಿ ಎರಡೂ ಕಾಲೂರಿತು.

"ನೀವೇ ಓದಿ ಸರ್!"

"ಏಳು..." ಮೇಷ್ಟ್ರು ಕನ್ನಡಕ ಒತ್ತಿಕೊಂಡರು. "ಎಂಟು. ಎಂಟು ಕಣೇ! ಅಚ್ಚು ಹಾಕಿದ ಹಾಗಿದೆ! ಎಂಟು! ಒಂದು!" ಬೆನ್ನು ನೋವೆನ್ನುವ ಮನುಷ್ಯ ಮೋಟುಗೋಡೆಯ ಮೇಲೇರಿ ನಿಂತು ಆಚೆ ದಡಕ್ಕೆ ಕೈಬೀಸಿದರು.

"ಏನಂತೇ?" ಎಂದು ಬಳಗದವರ ಕೂಗು ನೀರಿನ ಮೇಲೆ ತೇಲಿ ಬಂತು.

"ಮೊಲಕ್ಕೆ ಎಂಟು ಕಾಲೂ!"

ಆ ಕೂಗಿಗೆ ಹನ್ನೊಂದೂ ಹಕ್ಕಿಗಳು ಒಟ್ಟಿಗೆ ಎದ್ದವು. ಕೆಂಪು, ಕಪ್ಪು, ಬಿಳಿ ರೆಕ್ಕೆಗಳು ಬಿಸಿಲಿಗೆ ಫಳಫಳಿಸಿ, ಅವರ ತಲೆಯ ಮೇಲೆ ಒಂದು ಸುತ್ತು ಬಂದು, ಬಡಗಣಕ್ಕೆ ತಿರುಗಿದವು. ಆಚೆ ದಡದಲ್ಲಿ ಟೋಪಿಗಳು ಹಾರುತ್ತಿದ್ದವು. ದೋಣಿಯವನು ಹುಟ್ಟಿನಿಂದ ದೋಣಿಯ ಅಂಚು ಬಡಿದು ತಾಳ ಹಾಕುತ್ತಿದ್ದ.

ಕಚೇರಿಯ ಉತ್ತರ ಈ ಸಲ ಮೂರೇ ದಿನದಲ್ಲಿ ಬಂತು. ಏಳು ಎಂಟು ಒಂದನ್ನು ಹದಿನಾಲ್ಕು ವರ್ಷದ ಹಿಂದೆ, ಬಡಗಣ ತುದಿಯ ಹಿಮದ ದ್ವೀಪವೊಂದರಲ್ಲಿ ಮರಿಯಾಗಿದ್ದಾಗ ತೊಡಿಸಿದ್ದು. ಒಂಬತ್ತು ವರ್ಷದಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸತ್ತಿರಬೇಕೆಂದು ಕಡತ ಮುಚ್ಚಿದ್ದರು. 'ಕಂಡವರ ಕಣ್ಣಿಗೆ ನಮ್ಮ ನಮಸ್ಕಾರ' ಎಂದಿತ್ತು ಕೊನೆಯ ಸಾಲು. ಮೇಷ್ಟ್ರು ಅದನ್ನು ಬಳಗದೆದುರು ಎರಡು ಸಲ ಓದಿದರು. ಪೆನ್ಸಿಲ್ಲಿನ ಸಾಲಿನ ಮೇಲೆ ಶಾಯಿ ಹರಿಸಿದರು. ಮೂರನ್ನು ಎಂಟು ಮಾಡಿದರು. ಕೊನೆಯ ಅಂಕಣದಲ್ಲಿ, ಯಾರನ್ನೂ ಕೇಳದೆ, ದುಂಡಗಿನ ಅಕ್ಷರದಲ್ಲಿ ಬರೆದರು: 'ಉಂಗುರ ಸಿಕ್ಕಿತು.'

ಸಂಜೆ ಅಜ್ಜಿಗೆ ಎಲ್ಲವನ್ನೂ ಒಂದಕ್ಷರ ಬಿಡದೆ ಹೇಳಿ, ಅವಳು ಕೇಳಿದಳು: "ಉಂಗುರ ಸಿಕ್ಕಿದ ಮೇಲೂ ಅದು ಕಲ್ಲು ಮಗುಚ್ತಾನೇ ಇತ್ತಲ್ಲ ಅಜ್ಜಿ, ಯಾಕೆ?"

"ಲೇ ಪೆದ್ದಿ," ಎಂದಳು ಅಜ್ಜಿ, "ಉಂಗುರ ತಿಂದು ಹೊಟ್ಟೆ ತುಂಬತ್ತೇನೇ?"